ರೋಗಿಗಳಿಲ್ಲದ ಡಾಕ್ಟರ್: ಮುಂಬೈಯಲ್ಲಿ ಫಿಸಿಯಾಲಜಿ ಕಲಿಸಿದ ನನ್ನ ಅನುಭವ

ಮಾಟುಂಗಾದ ಮೈಸೂರು ಅಸೋಸಿಯೇಷನ್‌ಗೆ ಯಾವುದೇ ಕಾರ್ಯಕ್ರಮಕ್ಕೆ ಹೋಗಲಿ, ಯಾರಾದರೂ ನನ್ನನ್ನು ‘ಇವರು ಡಾಕ್ಟ್ರು’ ಅಂತ ಪರಿಚಯ ಮಾಡಿಕೊಡುತ್ತಾರೆ. ಮುಂದಿನ ಪ್ರಶ್ನೆ ಗೊತ್ತಿದ್ದದ್ದೇ. “ಕ್ಲಿನಿಕ್ ಎಲ್ಲಿ?” ಕ್ಲಿನಿಕ್ ಇಲ್ಲ, ಮೆಡಿಕಲ್ ಕಾಲೇಜಿನಲ್ಲಿ ಫಿಸಿಯಾಲಜಿ ಕಲಿಸುತ್ತೇನೆ ಅಂದರೆ ಬಹಳ ಜನ ಫಿಸಿಯೋಥೆರಪಿ ಅಂದುಕೊಳ್ಳುತ್ತಾರೆ. ಅಲ್ಲೇ ಕುರ್ಚಿಯ ಮೇಲೆ ಮೊಣಕಾಲು ಚಾಚಿ ತೋರಿಸಿದವರೂ ಇದ್ದಾರೆ.

ನನ್ನ ಕೆಲಸ ಬೇರೆ. ಎಂಬಿಬಿಎಸ್ ಮೊದಲ ವರ್ಷದಲ್ಲಿ ಮಕ್ಕಳು ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ ಓದುತ್ತಾರೆ. ದೇಹದಲ್ಲಿ ಯಾವುದು ಎಲ್ಲಿದೆ ಅಂತ ಹೇಳುವುದು ಅನಾಟಮಿ. ಅದು ಹೇಗೆ ನಡೆಯುತ್ತದೆ, ಯಾಕೆ ನಿಲ್ಲುತ್ತದೆ ಅಂತ ಕೇಳುವುದು ಫಿಸಿಯಾಲಜಿ. ಎರಡು ದಶಕಕ್ಕೂ ಜಾಸ್ತಿ ಕಾಲ ನಾನು ಇದನ್ನೇ ಕಲಿಸಿಕೊಂಡು ಬಂದಿದ್ದೇನೆ.

ಇತ್ತೀಚೆಗೆ ಡೊಂಬಿವಿಲಿ, ಠಾಣೆ, ಮೀರಾ ರೋಡ್ ಕಡೆಯ, ಎಂಬಿಬಿಎಸ್ ಮುಗಿಸಿ ಎಂ.ಡಿ. ಸೀಟಿಗೆ ಕಾದಿರುವ ನಮ್ಮ ಕನ್ನಡದ ಮಕ್ಕಳು ಫೋನ್ ಮಾಡುತ್ತಾರೆ. “ಆಂಟಿ, ಕೌನ್ಸೆಲಿಂಗ್‌ನಲ್ಲಿ ಫಿಸಿಯಾಲಜಿ ಸಿಗ್ತಾ ಇದೆ, ತಗೊಳ್ಳಲಾ ಬೇಡ್ವಾ?” ಒಬ್ಬೊಬ್ಬರಿಗೂ ಅದನ್ನೇ ಹೇಳುವ ಬದಲು ಒಂದು ಕಡೆ ಬರೆದಿಡೋಣ ಅಂತ ಕುಳಿತಿದ್ದೇನೆ.

ನಾನಾಗಿ ಆರಿಸಿಕೊಂಡ ವಿಷಯ ಇದಲ್ಲ. ನನಗೆ ಬೇಕಿದ್ದದ್ದು ಮೆಡಿಸಿನ್. ರ‍್ಯಾಂಕ್ ಸಾಲಲಿಲ್ಲ, ಸಿಕ್ಕಿದ್ದು ಇದು. ಅಪ್ಪ ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಕ್ಯಾಷಿಯರ್. ಮತ್ತೊಂದು ವರ್ಷ ಮನೆಯಲ್ಲಿ ಕೂತು ಓದುವ ಅನುಕೂಲ ಇರಲಿಲ್ಲ. ಅಮ್ಮ ಕೇಳಿದ್ದು ಇನ್ನೂ ನೆನಪಿದೆ. “ರೋಗಿ ಮುಟ್ಟದ ಡಾಕ್ಟರು ಎಂತ ಡಾಕ್ಟರು ಮಗಾ?” ಈಗಲೂ ಈ ವಿಷಯದ ಸೀಟುಗಳು ವರ್ಷವರ್ಷವೂ ಖಾಲಿ ಉಳಿಯುತ್ತವೆ. 2023ರಲ್ಲಿ ಎಂ.ಡಿ. ಪ್ರವೇಶದ ಪರೀಕ್ಷೆ ನೀಟ್ ಪಿಜಿಯ ಕಟಾಫನ್ನು ಸೊನ್ನೆ ಪರ್ಸೆಂಟೈಲ್‌ಗೆ, ಅಂದರೆ ಪರೀಕ್ಷೆ ಬರೆದವರೆಲ್ಲ ಅರ್ಹರು ಅನ್ನುವ ಮಟ್ಟಕ್ಕೆ ಇಳಿಸಿದಾಗ ಪೇಪರ್‌ಗಳಲ್ಲಿ ದೊಡ್ಡ ಗಲಾಟೆಯೇ ಆಯಿತು. ನಮ್ಮ ಡಿಪಾರ್ಟ್‌ಮೆಂಟ್‌ನಲ್ಲಿ ಯಾರಿಗೂ ಆಶ್ಚರ್ಯ ಆಗಲಿಲ್ಲ. ಖಾಲಿ ಕುರ್ಚಿಗಳನ್ನು ನಾವು ಮೊದಲಿಂದ ನೋಡುತ್ತಲೇ ಇದ್ದೆವು.

ಇದು ಬರೀ ತ್ಯಾಗದ ಕಥೆ ಅಂತ ತಿಳಿಯಬೇಡಿ. ರಾತ್ರಿ ಎಮರ್ಜೆನ್ಸಿ ಇಲ್ಲ. ತಿಂಗಳಿಗೆ ಸರಿಯಾಗಿ ಸಂಬಳ. ಜೊತೆಗೆ ಓದಿದ ಸರ್ಜನ್ ಗೆಳೆಯರ ಸಂಪಾದನೆ ಜೊತೆ ಹೋಲಿಸಲು ಹೋಗಬಾರದು, ಅಷ್ಟೇ. ಹೋಲಿಸುವ ಚಟ ಇರುವವರು ಈ ಕಡೆ ಬರದಿರುವುದೇ ಒಳ್ಳೆಯದು.

ಟ್ಯೂಟರ್ ಆಗಿದ್ದಾಗ ನನ್ನ ಪಾಲಿಗೆ ಬಂದದ್ದು ಪ್ರಾಕ್ಟಿಕಲ್ ಹಾಲ್. ಸೀನಿಯರ್‌ಗಳು ಲೆಕ್ಚರ್ ತೆಗೆದುಕೊಳ್ಳುತ್ತಿದ್ದರು. ನಾವು ಹುಡುಗರ ಬೆರಳು ಚುಚ್ಚಿಸುವುದು, ಮೈಕ್ರೋಸ್ಕೋಪ್ ಫೋಕಸ್ ಮಾಡಿಕೊಡುವುದು, ಜರ್ನಲ್‌ಗೆ, ಅಂದರೆ ಮಕ್ಕಳು ಪ್ರಯೋಗ ಬರೆದಿಡುವ ಪುಸ್ತಕಕ್ಕೆ, ಸಹಿ ಹಾಕುವುದು. ಬೇಜಾರಿನ ಕೆಲಸ ಅಂತ ಎಲ್ಲರೂ ಅನ್ನುತ್ತಿದ್ದರು. ನನಗೆ ಕಲಿಸುವುದು ಏನು ಅಂತ ತಿಳಿದದ್ದು ಆ ಹಾಲ್‌ನಲ್ಲಿ.

ಕೆಂಪು ರಕ್ತಕಣ ಎಣಿಸುವ ಪ್ರಾಕ್ಟಿಕಲ್ ತೆಗೆದುಕೊಳ್ಳಿ. ಪಿಪೆಟ್‌ನಲ್ಲಿ 0.5 ಗುರುತಿನವರೆಗೆ ರಕ್ತ ಎಳೆಯಬೇಕು. ಆಮೇಲೆ 101ರ ಗುರುತಿನವರೆಗೆ ಡೈಲ್ಯೂಟಿಂಗ್ ಫ್ಲೂಯಿಡ್. ರಕ್ತ 200 ಪಟ್ಟು ತೆಳುವಾಯಿತು. ಅದರ ಒಂದು ಹನಿಯನ್ನು ನ್ಯೂಬಾವರ್ ಚೇಂಬರ್ ಎಂಬ ಗೆರೆ ಕೊರೆದ ಗಾಜಿಗೆ ಹಾಕಿ, 80 ಪುಟ್ಟ ಚೌಕಗಳಲ್ಲಿ ಕಣ ಎಣಿಸಿ, ಬಂದ ಸಂಖ್ಯೆಯನ್ನು 10,000ದಿಂದ ಗುಣಿಸಬೇಕು. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಇಷ್ಟು ಲಕ್ಷ ಕಣ ಅಂತ ಉತ್ತರ. ಕಣ್ಣು ನೋಯುವ ಕೆಲಸ. ಹುಡುಗರು ಜಾಣರು. ಉತ್ತರ 50 ಲಕ್ಷದ ಆಸುಪಾಸು ಬರಬೇಕು ಅಂತ ಪುಸ್ತಕದಲ್ಲೇ ಇದೆಯಲ್ಲ. ಹಾಗಾಗಿ ಮೊದಲು ಉತ್ತರ ಬರೆದುಕೊಂಡು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ಚೌಕಗಳನ್ನು ತುಂಬುತ್ತಿದ್ದರು. ಇಡೀ ಬ್ಯಾಚ್‌ಗೆ ಒಂದೇ ಥರದ ರಕ್ತ!

ಬೈದು ಪ್ರಯೋಜನ ಇಲ್ಲ ಅಂತ ಬೇಗ ಗೊತ್ತಾಯಿತು. ನಾನು ಜರ್ನಲ್ ನೋಡುವುದನ್ನು ಬಿಟ್ಟು ಟೇಬಲ್ ಹತ್ತಿರ ಹೋಗಿ ಕೇಳತೊಡಗಿದೆ. “ಪಿಪೆಟ್‌ನಲ್ಲಿ 0.5ರ ಬದಲು 1ರವರೆಗೆ ರಕ್ತ ಎಳೆದುಬಿಟ್ಟೆ ಅಂತ ಇಟ್ಟುಕೋ. ನಿನಗೆ ಅದು ಗೊತ್ತಾಗಲೇ ಇಲ್ಲ. ಲೆಕ್ಕದಲ್ಲಿ ಏನಾಗುತ್ತದೆ?” ಆ ಹುಡುಗ ಮೊದಲು ಪುಸ್ತಕ ತಿರುವಿದ. ಪುಸ್ತಕದಲ್ಲಿ ಇಲ್ಲ. ಪಕ್ಕದವಳು ಬೆರಳು ಮಡಚಿ ಲೆಕ್ಕ ಹಾಕಿದಳು. ಈಗ ರಕ್ತ 100 ಪಟ್ಟು ಮಾತ್ರ ತೆಳು. ಚೌಕದಲ್ಲಿ ಕಣಗಳು ಎರಡು ಪಟ್ಟು. ಗುಣಿಸುವುದು ಅದೇ 10,000ದಿಂದ. ಉತ್ತರ ಒಂದು ಕೋಟಿ! “ಮ್ಯಾಡಮ್, ಪೇಶಂಟ್‌ಗೆ ಪಾಲಿಸೈಥೀಮಿಯಾ ಅಂತ ಬರೆದುಬಿಡ್ತೇವೆ!” ಅಂದಳು. ಕೆಂಪು ಕಣ ವಿಪರೀತ ಜಾಸ್ತಿಯಾಗುವ ಖಾಯಿಲೆ ಅದು. 10,000 ಅನ್ನುವ ಸಂಖ್ಯೆ ಎಲ್ಲಿಂದ ಬಂತು ಅಂತ ಆ ಟೇಬಲ್‌ನವರು ಆಮೇಲೆ ಯಾವತ್ತೂ ಮರೆತಿರಲಾರರು.

ಬಿಪಿ ನೋಡುವಾಗಲೂ ಅಷ್ಟೇ. ದಪ್ಪ ತೋಳಿಗೆ ಚಿಕ್ಕ ಕಫ್ ಕಟ್ಟಿದರೆ ಬಿಪಿ ಜಾಸ್ತಿ ತೋರಿಸುತ್ತದೋ ಕಡಿಮೆಯೋ? ನಾಡಿ ಮುಟ್ಟಿ ನೋಡದೆ ಸೀದಾ ಸ್ಟೆಥೋಸ್ಕೋಪ್ ಇಟ್ಟರೆ ಯಾರ ವಿಷಯದಲ್ಲಿ ಮೋಸ ಹೋಗುತ್ತೀರಿ? ಹೀಗೆ ‘ಏನಾದರೂ ಕೆಟ್ಟರೆ ಏನಾಗುತ್ತದೆ’ ಅನ್ನುವ ಪ್ರಶ್ನೆಗಳನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತ ಹೋದೆ. ಡೊಂಬಿವಿಲಿಯಿಂದ ದಿನಾ ಲೋಕಲ್ ಪ್ರಯಾಣ. ಸೀಟ್ ಸಿಕ್ಕರೆ ಬರೆಯುವುದು, ಸಿಗದಿದ್ದರೆ ಯೋಚಿಸುವುದು. ನನ್ನ ಕಸುಬು ಪಾಠ ಹೇಳುವುದಲ್ಲ, ಪ್ರಶ್ನೆ ಕೇಳುವುದು ಅಂತ ನಿಧಾನವಾಗಿ ಸ್ಪಷ್ಟವಾಯಿತು. ಮುಂದೆ ಬಂದ ಪ್ರಮೋಷನ್, ಸಂಶೋಧನೆಯ ಪೇಪರ್, ಫೆಲೋಶಿಪ್ ಎಲ್ಲದಕ್ಕೂ ಆ ನೋಟ್‌ಬುಕ್ಕೇ ಮೂಲ.

ಕಪ್ಪೆಯ ವಿಷಯ ಎಲ್ಲರೂ ಕೇಳುತ್ತಾರೆ, ಹೇಳಿಬಿಡುತ್ತೇನೆ. ನಾನು ಎಂ.ಡಿ. ಮಾಡುವಾಗ ಕಪ್ಪೆಯ ಕಾಲಿನ ಸ್ನಾಯು, ನರ ಬಿಡಿಸಿ ಕೈಮೋಗ್ರಾಫ್ ಎಂಬ ತಿರುಗುವ ಡ್ರಮ್ಮಿನ ಯಂತ್ರಕ್ಕೆ ಕಟ್ಟುತ್ತಿದ್ದೆವು. ಡ್ರಮ್ಮಿಗೆ ಸುತ್ತಿದ ಕಾಗದಕ್ಕೆ ಹೊಗೆ ಹಿಡಿಸಿ ಕಪ್ಪು ಮಾಡಬೇಕು. ಸ್ನಾಯು ಕುಗ್ಗಿದಾಗ ಕಡ್ಡಿ ಆ ಕಪ್ಪಿನ ಮೇಲೆ ಬಿಳಿ ಗೆರೆ ಎಳೆಯುತ್ತದೆ. ಆಮೇಲೆ ವಾರ್ನಿಷ್‌ನಲ್ಲಿ ಅದ್ದಿ ಒಣಗಿಸುವುದು. ಸಂಜೆ ಮೂಗು ಒರೆಸಿದರೆ ಕರ್ಚೀಫ್ ಕಪ್ಪು. 2014ರಲ್ಲಿ, ಆಗ ಮೆಡಿಕಲ್ ಶಿಕ್ಷಣ ನಿಯಂತ್ರಿಸುತ್ತಿದ್ದ ಎಂಸಿಐ ನಿಯಮ ತಿದ್ದಿ, ಎಂಬಿಬಿಎಸ್ ಮಕ್ಕಳಿಗೆ ಪ್ರಾಣಿಗಳ ಬದಲು ಕಂಪ್ಯೂಟರ್ ಮಾಡೆಲ್ ಅಂತ ಮಾಡಿತು. ಒಳ್ಳೆಯದೇ ಆಯಿತು. ಡಾಕ್ಟರ್ ಆಗಲು ಕಪ್ಪೆ ಕೊಲ್ಲಬೇಕಾಗಿಲ್ಲ. ಒಂದೇ ಕೊರತೆ. ಕಂಪ್ಯೂಟರ್‌ನಲ್ಲಿ ಪ್ರಯೋಗ ಯಾವತ್ತೂ ಕೆಡುವುದಿಲ್ಲ. ಕೆಡದ ಪ್ರಯೋಗದಿಂದ ಕೇಳಲು ಪ್ರಶ್ನೆಯೇ ಹುಟ್ಟುವುದಿಲ್ಲ. ಅದಕ್ಕೇ ನಾನು ಮಕ್ಕಳನ್ನು ಅವರ ಮೈಮೇಲೆಯೇ ಪ್ರಯೋಗ ಮಾಡಲು ಹಚ್ಚುತ್ತೇನೆ. ಮೆಟ್ಟಿಲು ಹತ್ತಿ ನಾಡಿ ಎಣಿಸಿ, ಉಸಿರು ಹಿಡಿದು ನೋಡಿ, ಮಲಗಿ ಎದ್ದು ಬಿಪಿ ನೋಡಿ.

ಲೆಕ್ಚರ್ ಸಿಕ್ಕಿದ್ದು ಅಸಿಸ್ಟೆಂಟ್ ಪ್ರೊಫೆಸರ್ ಆದ ಮೇಲೆ. ಇನ್ನೂರು ಹತ್ತಿರ ಮಕ್ಕಳು, ಊಟದ ನಂತರದ ಪೀರಿಯಡ್, ಫ್ಯಾನ್ ಸದ್ದು. ಕಿಡ್ನಿಯ ಪಾಠ. ನಿಮಿಷಕ್ಕೆ 125 ಮಿಲಿಲೀಟರ್ ಸೋಸುತ್ತದೆ ಅಂತ ಬೋರ್ಡ್ ಮೇಲೆ ಬರೆದರೆ ಎಲ್ಲರೂ ಬರೆದುಕೊಳ್ಳುತ್ತಾರೆ, ಯಾರೂ ತಲೆ ಎತ್ತುವುದಿಲ್ಲ. ಅದನ್ನೇ ದಿನಕ್ಕೆ ಲೆಕ್ಕ ಹಾಕಿಸಿದೆ. 180 ಲೀಟರ್. “ನೀವು ದಿನಕ್ಕೆ ಎಷ್ಟು ಮೂತ್ರ ಮಾಡುತ್ತೀರಿ?” ನಗು. ಒಂದೂವರೆ ಲೀಟರ್ ಅಂತ ಇಟ್ಟುಕೊಳ್ಳೋಣ. ಮಿಕ್ಕ 178 ಚಿಲ್ಲರೆ ಲೀಟರ್ ಎಲ್ಲಿ ಹೋಯಿತು? ಮೈಯಲ್ಲಿರುವ ಪ್ಲಾಸ್ಮಾನೇ 3 ಲೀಟರ್. ಅಂದರೆ ಅಷ್ಟನ್ನೂ ದಿನಕ್ಕೆ 60 ಸಲ ಸೋಸಿ ವಾಪಸ್ ತೆಗೆದುಕೊಳ್ಳುತ್ತದೆ. ಇಷ್ಟು ದುಂದು ಯಾಕೆ? ಬೇಡದ್ದನ್ನು ಮಾತ್ರ ಆರಿಸಿ ಹೊರಗೆ ಹಾಕಬಹುದಿತ್ತಲ್ಲ? ಈಗ ನಿದ್ದೆ ಹೋಯಿತು. ಈ ಪ್ರಶ್ನೆಗೆ ಒಂದೇ ವಾಕ್ಯದ ಉತ್ತರ ಇಲ್ಲ, ಅದಕ್ಕೇ ಅದು ಚೆನ್ನಾಗಿದೆ.

ಹಾರ್ವರ್ಡ್‌ನ ಭೌತಶಾಸ್ತ್ರದ ಪ್ರೊಫೆಸರ್ ಎರಿಕ್ ಮಝೂರ್ 1990ರ ದಶಕದಲ್ಲಿ ಒಂದು ಪದ್ಧತಿ ಬೆಳೆಸಿದರು. ಪಾಠದ ಮಧ್ಯೆ ಒಂದು ಪ್ರಶ್ನೆ. ಎಲ್ಲರೂ ಮಾತಾಡದೆ ಒಂದು ಆಯ್ಕೆ ಮಾಡಬೇಕು. ಆಮೇಲೆ ಪಕ್ಕದವರ ಜೊತೆ ವಾದ. ಮತ್ತೆ ಆಯ್ಕೆ. ನಮ್ಮಲ್ಲಿ ಗುಂಡಿ ಒತ್ತಿ ಉತ್ತರ ಆರಿಸುವ ಕ್ಲಿಕ್ಕರ್ ಯಂತ್ರ ಎಲ್ಲಿಂದ ಬರಬೇಕು? ನಾಲ್ಕು ಬಣ್ಣದ ಕಾಗದದ ತುಂಡು ಹಂಚಿದೆ. ಕೆಲಸ ಆಯಿತು.

ಹೀಗೆ ಕೇಳುವ ಪ್ರಶ್ನೆಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಲೋಕಲ್ ಟ್ರೈನಿನದು. ಬೆಳಿಗ್ಗೆ ಎಂಟೂವರೆಯ ಫಾಸ್ಟ್ ಗಾಡಿ, ಮೇ ತಿಂಗಳು, ಕೈ ಅಲ್ಲಾಡಿಸಲೂ ಜಾಗ ಇಲ್ಲ. ಇಪ್ಪತ್ತು ವರ್ಷದ ಹುಡುಗಿ, ತಿಂಡಿ ತಿಂದಿಲ್ಲ, ಅರ್ಧ ಗಂಟೆಯಿಂದ ನಿಂತಿದ್ದಾಳೆ. ಕಣ್ಣು ಕತ್ತಲೆ ಬಂತು. ಆದರೆ ಬೀಳಲು ಜಾಗ ಇಲ್ಲ, ಸುತ್ತಲಿನವರ ಮಧ್ಯೆ ನೆಟ್ಟಗೆ ನಿಂತೇ ಇದ್ದಾಳೆ. ಇದು ಅವಳಿಗೆ ಒಳ್ಳೆಯದೋ ಕೆಟ್ಟದ್ದೋ?

ಮೊದಲ ಸುತ್ತಿನಲ್ಲಿ ಅರ್ಧ ಕ್ಲಾಸ್ ‘ಒಳ್ಳೆಯದು, ತಲೆಗೆ ಏಟು ಬೀಳಲ್ಲ’ ಅನ್ನುತ್ತದೆ. ವಾದ ಶುರು. ನಿಂತಾಗ ಸುಮಾರು ಅರ್ಧ ಲೀಟರ್ ರಕ್ತ ಕಾಲಿನ ಕಡೆ ಇಳಿಯುತ್ತದೆ. ನಡೆಯುತ್ತಿದ್ದರೆ ಮೀನಖಂಡದ ಸ್ನಾಯು ಅದನ್ನು ಮೇಲಕ್ಕೆ ಒತ್ತುತ್ತದೆ. ಇಲ್ಲಿ ಕಾಲು ಕದಲಿಸಲೂ ಆಗದು. ಸೆಖೆಗೆ ಚರ್ಮದ ರಕ್ತನಾಳ ಅಗಲವಾಗಿವೆ, ಅಲ್ಲೂ ರಕ್ತ. ಹೃದಯಕ್ಕೆ ವಾಪಸ್ ಬರುವುದು ಕಡಿಮೆ. ಕತ್ತಿನ ಕೆರೋಟಿಡ್ ಸೈನಸ್‌ನ ಬ್ಯಾರೋರಿಸೆಪ್ಟರ್‌ಗಳು ಒತ್ತಡ ಇಳಿದದ್ದನ್ನು ಕಂಡು ಹೃದಯವನ್ನು ಓಡಿಸುತ್ತವೆ. ಒಂದು ಹಂತದಲ್ಲಿ ಆ ವ್ಯವಸ್ಥೆ ಕೈ ಬಿಡುತ್ತದೆ. ನಾಡಿ ನಿಧಾನವಾಗಿ, ರಕ್ತನಾಳ ಸಡಿಲವಾಗಿ, ಮಿದುಳಿಗೆ ರಕ್ತ ಸಾಲದೆ ಪ್ರಜ್ಞೆ ತಪ್ಪುತ್ತದೆ. ಬಿದ್ದಿದ್ದರೆ ತಲೆ, ಹೃದಯ, ಕಾಲು ಒಂದೇ ಮಟ್ಟಕ್ಕೆ ಬಂದು ರಕ್ತ ತಾನಾಗಿ ಮಿದುಳಿಗೆ ಹರಿಯುತ್ತಿತ್ತು. ಬೀಳುವುದೇ ಅರ್ಧ ಚಿಕಿತ್ಸೆ. ಜನ ನೆಟ್ಟಗೆ ಹಿಡಿದರೆ ಆ ಚಿಕಿತ್ಸೆ ತಪ್ಪುತ್ತದೆ. ಎರಡನೇ ಸುತ್ತಿನಲ್ಲಿ ಕಾಗದದ ಬಣ್ಣ ಬದಲಾಗುವುದನ್ನು ನೋಡುವುದೇ ಒಂದು ಖುಷಿ. “ಮ್ಯಾಡಮ್, ಇವತ್ತು ಗಾಡಿಯಲ್ಲಿ ಒಬ್ಬರನ್ನು ಮಲಗಿಸಿ ಕಾಲು ಎತ್ತಿದೆ” ಅಂತ ಕುರ್ಲಾದಿಂದ ಬರುವ ಹುಡುಗನೊಬ್ಬ ಒಂದು ದಿನ ಬಂದು ಹೇಳಿದ. ಲೇಡೀಸ್ ಡಬ್ಬಿಯಲ್ಲಿ ಅಷ್ಟು ಜಾಗ ಹೇಗೆ ಮಾಡುವುದು ಅನ್ನುವುದಕ್ಕೆ ಫಿಸಿಯಾಲಜಿಯಲ್ಲಿ ಉತ್ತರ ಇಲ್ಲ.

ನಿಜವಾದ ಜಗಳ ಶುರುವಾದದ್ದು ಪರೀಕ್ಷೆಯ ವಿಷಯದಲ್ಲಿ.

ನಮ್ಮ ಕಾಲದಲ್ಲಿ ಪ್ರಾಕ್ಟಿಕಲ್ ಪರೀಕ್ಷೆ ಅಂದರೆ ಒಂದು ಚೀಟಿ ಎತ್ತುವುದು, ಬಂದ ಪ್ರಯೋಗ ಮಾಡುವುದು, ಆಮೇಲೆ ವೈವಾ, ಅಂದರೆ ಬಾಯಿಮಾತಿನ ಪರೀಕ್ಷೆ. ಒಬ್ಬನಿಗೆ ಸುಲಭದ ಬ್ಲಡ್ ಗ್ರೂಪ್, ಇನ್ನೊಬ್ಬಳಿಗೆ ಕಷ್ಟದ ರಕ್ತಕಣ ಎಣಿಕೆ. ಪ್ರಯೋಗ ಮಾಡುವಾಗ ಯಾರೂ ನೋಡುವುದಿಲ್ಲ, ಉತ್ತರ ಮಾತ್ರ ನೋಡುತ್ತಾರೆ. ವೈವಾದಲ್ಲಿ ಎಕ್ಸಾಮಿನರ್ ಮೂಡ್ ಹೇಗಿದೆಯೋ ಹಾಗೆ. ಮರಾಠವಾಡದ ಹಳ್ಳಿಯಿಂದ ಬಂದ ಒಬ್ಬ ಹುಡುಗಿ ಇದ್ದಳು. ಹನ್ನೆರಡನೆಯವರೆಗೂ ಮರಾಠಿಯಲ್ಲಿ ಯೋಚಿಸಿದವಳು. ಅವಳು ಬಿಪಿ ನೋಡುವುದನ್ನು ನೀವು ನೋಡಬೇಕಿತ್ತು. ಕುಳಿತವನ ತೋಳನ್ನು ಹೃದಯದ ಮಟ್ಟಕ್ಕೆ ಇಟ್ಟು, ಬಟ್ಟೆ ಸರಿಸಿ, ನಾಡಿ ಹಿಡಿದು, ಆಮೇಲೆ ಸ್ಟೆಥೋಸ್ಕೋಪ್. ಒಂದು ಹೆಜ್ಜೆ ತಪ್ಪಿಲ್ಲ. ವೈವಾದಲ್ಲಿ ಇಂಗ್ಲಿಷ್ ಬರದೆ ಸುಮ್ಮನೆ ನಿಂತಳು. ಪಾಸಾದಳು, ಆದರೆ ಅಂಚಿನಲ್ಲಿ. ಇಂಗ್ಲಿಷ್ ಪಟಪಟ ಮಾತಾಡುವ, ಕಫ್ ತಲೆಕೆಳಗೆ ಕಟ್ಟಿದ ಹುಡುಗನಿಗೆ ಅವಳಿಗಿಂತ ಜಾಸ್ತಿ ಅಂಕ. ಏಳನೆಯವರೆಗೆ ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಓದಿದ ನನಗೆ ಅದು ಸುಮ್ನೆ ಬಿಡುವ ವಿಷಯ ಆಗಿರಲಿಲ್ಲ.

ಇದಕ್ಕೆ ಔಷಧ ಆಗಲೇ ಇತ್ತು. ಸ್ಕಾಟ್ಲೆಂಡಿನ ಡಂಡೀಯ ರೊನಾಲ್ಡ್ ಹಾರ್ಡನ್ 1975ರಲ್ಲಿ ಆಸ್ಕಿ ಎಂಬ ಕ್ಲಿನಿಕಲ್ ಪರೀಕ್ಷೆಯ ಪದ್ಧತಿ ಪ್ರಕಟಿಸಿದ್ದರು. ಅದನ್ನು ಫಿಸಿಯಾಲಜಿಯಂಥ ವಿಷಯಗಳ ಪ್ರಾಕ್ಟಿಕಲ್‌ಗೆ ಹೊಂದಿಸಿ ದಿಲ್ಲಿಯ ಏಮ್ಸ್‌ನವರು 1986ರಲ್ಲಿ ಓಸ್ಪಿ ಅಂತ ಬರೆದರು. ನಮ್ಮ ದೇಶದ್ದೇ ಕೆಲಸ, ನಮ್ಮ ವಿಷಯದ್ದೇ. ಆದರೂ ಬಹಳ ಕಾಲೇಜುಗಳಲ್ಲಿ ಅದು ಪುಸ್ತಕದಲ್ಲೇ ಉಳಿದಿತ್ತು.

ಪದ್ಧತಿ ಸರಳ. ಸಾಲಾಗಿ ಸ್ಟೇಷನ್‌ಗಳು. ಪ್ರತಿಯೊಂದರಲ್ಲೂ ಒಂದು ಚಿಕ್ಕ ಕೆಲಸ, ಕೆಲವೇ ನಿಮಿಷ. ಗಂಟೆ ಹೊಡೆದ ಕೂಡಲೇ ಮುಂದಿನ ಸ್ಟೇಷನ್. ಎಲ್ಲರಿಗೂ ಅದೇ ಪ್ರಶ್ನೆ. ಒಬ್ಬ ಟೀಚರ್ ಚೆಕ್‌ಲಿಸ್ಟ್ ಹಿಡಿದು ನೋಡುತ್ತಾರೆ, ಮಾತಾಡುವುದಿಲ್ಲ.

ಚೆಕ್‌ಲಿಸ್ಟ್ ಬರೆಯುವುದೇ ಕಷ್ಟ. ಮಂಡಿಯ ರಿಫ್ಲೆಕ್ಸ್ ಪರೀಕ್ಷೆ ತೆಗೆದುಕೊಳ್ಳಿ. ‘ಸರಿಯಾಗಿ ಮಾಡಿದನೇ’ ಅಂತ ಬರೆದರೆ ಅದು ಚೆಕ್‌ಲಿಸ್ಟ್ ಅಲ್ಲ. ಏನು ಮಾಡುತ್ತೇನೆ ಅಂತ ಎದುರಿನವರಿಗೆ ಹೇಳಿದನೇ? ಕಾಲು ಸಡಿಲವಾಗಿ ತೂಗಾಡುವ ಹಾಗೆ ಕೂರಿಸಿದನೇ? ತೊಡೆಯ ಸ್ನಾಯು ಕಾಣುವ ಹಾಗೆ ಬಟ್ಟೆ ಸರಿಸಿದನೇ? ಮೊಣಕಾಲ ಚಿಪ್ಪಿನ ಕೆಳಗಿನ ಟೆಂಡನ್ ಮೇಲೆ ಹೊಡೆದನೇ, ಚಿಪ್ಪಿನ ಮೇಲೆಯೇ ಹೊಡೆದನೇ? ಎರಡೂ ಕಾಲು ಹೋಲಿಸಿದನೇ? ಒಂದೊಂದಕ್ಕೂ ಅಂಕ. ಇಬ್ಬರು ಟೀಚರ್ ಬೇರೆ ಬೇರೆಯಾಗಿ ನೋಡಿ ಅಂಕ ಹಾಕಿದರೂ ಹತ್ತಿರ ಹತ್ತಿರ ಬರಬೇಕು. ಬರದಿದ್ದರೆ ಚೆಕ್‌ಲಿಸ್ಟ್ ವಾಕ್ಯ ಬದಲಿಸಬೇಕು. ನಾವು ಎಷ್ಟು ಸಲ ಬದಲಿಸಿದೆವೋ, ಲೆಕ್ಕ ಇಟ್ಟಿಲ್ಲ.

ಸೀನಿಯರ್‌ಗಳಿಗೆ ಇಷ್ಟವಾಗಲಿಲ್ಲ. “ಇದು ಮೆಷಿನ್ ಪರೀಕ್ಷೆ, ಮಗುವಿನ ಆಳ ಗೊತ್ತಾಗುವುದು ವೈವಾದಲ್ಲಿ” ಅಂದರು ಒಬ್ಬರು. ಅವರ ಮಾತಿನಲ್ಲಿ ಸ್ವಲ್ಪ ಸತ್ಯವೂ ಇತ್ತು. ನಾನು ವಾದಕ್ಕೆ ಹೋಗದೆ, ಕಾಲೇಜಿನ ಇಂಟರ್ನಲ್ ಪರೀಕ್ಷೆಯಲ್ಲಿ ಮಾತ್ರ, ವೈವಾ ಜೊತೆಗೇ ಇದನ್ನೂ ಇಡೋಣ ಅಂತ ಒಪ್ಪಿಸಿದೆ. ಹೊಸದನ್ನು ತರುವವರಿಗೆ ನನ್ನ ಸಲಹೆ ಇದು. ಹಳೆಯದನ್ನು ತೆಗೆಯಬೇಡಿ, ಪಕ್ಕದಲ್ಲಿ ಜಾಗ ಕೇಳಿ.

ಗಂಟೆ ಹೊಡೆಯುತ್ತಿದ್ದವರು ನಮ್ಮ ಲ್ಯಾಬಿನ ಮಾಮಾ. ಮುಂಬೈಯ ಆಸ್ಪತ್ರೆಗಳಲ್ಲಿ ಅಟೆಂಡರ್‌ಗಳೆಲ್ಲ ಮಾಮಾ, ಆಯಾಗಳೆಲ್ಲ ಮಾವಶಿ. ಮೊದಲ ರೌಂಡ್ ಮುಗಿದಾಗ ಅವರೇ ಹೇಳಿದ್ದು. “ಮ್ಯಾಡಮ್, ಮಕ್ಕಳಿಗೆ ಕೈ ನಡುಗುತ್ತಿದೆ, ಮಧ್ಯೆ ಒಂದು ಟೇಬಲ್ ಖಾಲಿ ಬಿಡಿ. ನೀರು ಇಡುತ್ತೇನೆ.” ರೆಸ್ಟ್ ಸ್ಟೇಷನ್ ಅಂತ ಮೆಡಿಕಲ್ ಎಜುಕೇಷನ್ ಲೇಖನಗಳಲ್ಲಿ ನಾನು ಓದಿದ್ದು ಆಮೇಲೆ.

ಈ ಹೊತ್ತಿಗೆ ನನಗೆ ಒಬ್ಬಳೇ ಮಾಡುವುದು ಸಾಕಾಗಿತ್ತು. ಪರೇಲ್‌ನ ಸೇಠ್ ಜಿ.ಎಸ್. ಮೆಡಿಕಲ್ ಕಾಲೇಜು, ಅಂದರೆ ಕೆಇಎಂ ಆಸ್ಪತ್ರೆಯ ಕಾಲೇಜು, 1926ರದ್ದು. ಅಲ್ಲಿ 2005ರಲ್ಲಿ ಫೈಮರ್ ಎಂಬ ಅಮೆರಿಕದ ಸಂಸ್ಥೆಯ ಜೊತೆ ಸೇರಿ ವೈದ್ಯಕೀಯ ಟೀಚರ್‌ಗಳಿಗೆ ಎರಡು ವರ್ಷದ ಫೆಲೋಶಿಪ್ ಶುರುವಾಯಿತು. ಕೆಲಸ ಬಿಡಬೇಕಾಗಿಲ್ಲ. ನಿಮ್ಮ ಕಾಲೇಜಿನದ್ದೇ ಒಂದು ಸಮಸ್ಯೆ ಪ್ರಾಜೆಕ್ಟ್ ಆಗಿ ತರಬೇಕು. ನಾನು ಓಸ್ಪಿ ತೆಗೆದುಕೊಂಡು ಹೋದೆ. ಅಲ್ಲಿ ಸರ್ಜನ್, ಮಕ್ಕಳ ಡಾಕ್ಟರ್, ಡೆಂಟಿಸ್ಟ್ ಎಲ್ಲರೂ ಒಂದೇ ಮೇಜಿನಲ್ಲಿ ಕೂತು ಕಲಿಸುವುದರ ಬಗ್ಗೆಯೇ ಮಾತಾಡುತ್ತಿದ್ದರು. ‘ನೀವು ಯಾವ ಡಾಕ್ಟ್ರು’ ಅಂತ ಯಾರೂ ಕೇಳದ ಜಾಗ ಅದೊಂದೇ.

ಅಲ್ಲಿ ಕಲಿತ ಮುಖ್ಯ ವಿಷಯ ಏನೆಂದರೆ, ಕ್ಲಾಸಿನ ಕೆಲಸವನ್ನೂ ಸಂಶೋಧನೆಯ ಹಾಗೇ ಮಾಡಬೇಕು. ‘ಮಕ್ಕಳಿಗೆ ಇಷ್ಟವಾಯಿತು’ ಅಂದರೆ ಪೇಪರ್ ಆಗುವುದಿಲ್ಲ. ಯಾವುದರ ಜೊತೆ ಹೋಲಿಸಿದಿರಿ? ಇಬ್ಬರು ಪರೀಕ್ಷಕರ ಅಂಕ ಎಷ್ಟು ಹೊಂದಿತು? ಎಥಿಕ್ಸ್ ಕಮಿಟಿ ಒಪ್ಪಿಗೆ ಬೇಕು. ಯಾಕೆಂದರೆ ನಮ್ಮ ಕೈಯಲ್ಲೇ ಅಂಕ ಇರುವ ಮಕ್ಕಳು ‘ಬೇಡ’ ಅನ್ನಲು ಹೆದರುತ್ತಾರೆ. ಅವರ ಒಪ್ಪಿಗೆ ಪತ್ರ ನಾನು ತೆಗೆದುಕೊಳ್ಳುವ ಹಾಗಿಲ್ಲ, ಪಾಠ ಮಾಡದ ಬೇರೆ ಯಾರೋ ತೆಗೆದುಕೊಳ್ಳಬೇಕು. ಅರ್ಧ ಕ್ಲಾಸಿಗೆ ಹೊಸ ವಿಧಾನ, ಅರ್ಧಕ್ಕೆ ಹಳೆಯದು ಅಂತ ಮಾಡಿದರೆ ಆಮೇಲೆ ಅದಲು ಬದಲು ಮಾಡಿ ಎಲ್ಲರಿಗೂ ಎರಡೂ ಸಿಗುವಂತೆ ನೋಡಬೇಕು.

ಪ್ರಶ್ನೆಪತ್ರಿಕೆಯ ಪೋಸ್ಟ್‌ಮಾರ್ಟಂ ಕಲಿತದ್ದೂ ಅಲ್ಲೇ. ಬಹು ಆಯ್ಕೆಯ ಪ್ರಶ್ನೆಗಳಿಗೆ ಅಂಕ ಬಂದ ಮೇಲೆ ಮೇಲಿನ 27 ಪರ್ಸೆಂಟ್, ಕೆಳಗಿನ 27 ಪರ್ಸೆಂಟ್ ಮಕ್ಕಳನ್ನು ಬೇರೆ ಮಾಡಿ. ಒಂದೊಂದು ಪ್ರಶ್ನೆಗೂ ಮೇಲಿನವರಲ್ಲಿ ಎಷ್ಟು ಜನ ಸರಿ, ಕೆಳಗಿನವರಲ್ಲಿ ಎಷ್ಟು? ಚೆನ್ನಾಗಿ ಓದಿದವರು ತಪ್ಪಿ, ಓದದವರು ಸರಿ ಮಾಡಿದರೆ ಖಾಯಿಲೆ ಪ್ರಶ್ನೆಗೇ ಇದೆ ಅಂತ ಅರ್ಥ. ಡಿಪಾರ್ಟ್‌ಮೆಂಟಿನ ಹಳೇ ಕ್ವೆಶ್ಚನ್ ಬ್ಯಾಂಕಿನಲ್ಲಿ ಇಂಥದ್ದೊಂದು ಸಿಕ್ಕಿತು. ವ್ಯಾಯಾಮ ಶುರು ಮಾಡಿದ ಕೂಡಲೇ ನಾಡಿ ಏರುವುದು ಯಾಕೆ? ಉತ್ತರದ ಕೀ ಪ್ರಕಾರ, ಹೃದಯವನ್ನು ಓಡಿಸುವ ಸಿಂಪಥೆಟಿಕ್ ನರಗಳ ಪ್ರಚೋದನೆ. ಜಾಣರೆಲ್ಲ, ಹೃದಯವನ್ನು ನಿಧಾನ ಮಾಡುವ ವೇಗಸ್ ನರದ ಹಿಡಿತ ಸಡಿಲವಾಗುವುದು ಅಂತ ಆರಿಸಿದ್ದರು. ಶುರುವಿನ ಕ್ಷಣಗಳಿಗೆ ಅವರ ಉತ್ತರವೇ ಸರಿ, ಸಿಂಪಥೆಟಿಕ್ ಪಾತ್ರ ದೊಡ್ಡದಾಗುವುದು ಆಮೇಲೆ. ವರ್ಷಗಟ್ಟಲೆ ಒಳ್ಳೆಯ ಮಕ್ಕಳ ಅಂಕ ಕತ್ತರಿಸಿದ ಪ್ರಶ್ನೆ ಅದು. ಯಾವ ಕಾಲೇಜಿನ ಬ್ಯಾಂಕ್ ತೆಗೆದರೂ ಇಂಥವು ನಾಲ್ಕು ಸಿಗುತ್ತವೆ, ಪಂದ್ಯ ಕಟ್ಟುತ್ತೇನೆ.

ಪ್ರಮೋಷನ್ ವಿಷಯ ಬೇಗ ಮುಗಿಸುತ್ತೇನೆ. ಎಂಸಿಐ ಜಾಗಕ್ಕೆ ಬಂದ ಎನ್‌ಎಂಸಿಯ 2022ರ ನಿಯಮದಲ್ಲಿ ಅಸಿಸ್ಟೆಂಟ್‌ನಿಂದ ಅಸೋಸಿಯೇಟ್ ಆಗಲು 4 ವರ್ಷ ಮತ್ತು 2 ಪೇಪರ್ ಬೇಕಿತ್ತು. ಅಲ್ಲಿಂದ ಪ್ರೊಫೆಸರ್ ಆಗಲು 3 ವರ್ಷ, ಒಟ್ಟು 4 ಪೇಪರ್. ಜೊತೆಗೆ ಮೆಡಿಕಲ್ ಎಜುಕೇಷನ್‌ನ ಬೇಸಿಕ್ ಕೋರ್ಸ್, ಸಂಶೋಧನೆಯ ಬೇಸಿಕ್ ಕೋರ್ಸ್. ಪೇಪರ್ ಬೇಕು ಅಂದ ಕೂಡಲೇ ದುಡ್ಡು ಕೊಟ್ಟರೆ ವಾರದಲ್ಲಿ ಛಾಪಿಸುವ ಜರ್ನಲ್‌ಗಳಿಂದ ಇಮೇಲ್ ಬರುತ್ತದೆ. ಡಿಲೀಟ್ ಮಾಡಿ. ಕ್ಲಾಸಿನಲ್ಲಿ ದಿನಾ ಮಾಡುವ ಕೆಲಸದ ಲೆಕ್ಕ ಸರಿಯಾಗಿ ಇಟ್ಟರೆ ಪೇಪರ್‌ಗೆ ಬೇರೆ ಎಲ್ಲೂ ಹುಡುಕಬೇಕಿಲ್ಲ.

2019ರಲ್ಲಿ ಹೊಸ ಪಠ್ಯಕ್ರಮ ಬಂತು. ಫಿಸಿಯಾಲಜಿಗೆ 160 ಗಂಟೆ ಲೆಕ್ಚರ್, 310 ಗಂಟೆ ಸಣ್ಣ ಗುಂಪಿನ ಕೆಲಸ, 25 ಗಂಟೆ ಸ್ವಂತ ಕಲಿಕೆ ಅಂತ ಹಂಚಿದರು. ಮೊದಲ ವರ್ಷದಲ್ಲೇ ಮಕ್ಕಳನ್ನು ವಾರ್ಡಿಗೆ ಕರೆದುಕೊಂಡು ಹೋಗಿ ಅಂದರು. ನನಗೆ ಹಬ್ಬವಾಯಿತು. ಆದರೆ 310 ಗಂಟೆಗೆ ಗುಂಪು ಮಾಡಲು ಟೀಚರ್‌ಗಳು ಬೇಕಲ್ಲ? ಸೀಟು ಖಾಲಿ ಉಳಿದ ವಿಷಯದಲ್ಲಿ ಅವರು ಎಲ್ಲಿಂದ ಬರಬೇಕು? ಹಾಗಾಗಿ ಎಷ್ಟೋ ಕಡೆ ‘ಸಣ್ಣ ಗುಂಪು’ ಅಂದರೆ 50 ಮಕ್ಕಳು.

ಆ ಬ್ಯಾಚ್ ಮೊದಲ ವರ್ಷ ಮುಗಿಸುವ ಮೊದಲೇ ಕೋವಿಡ್ ಬಂತು. ಆಗ ಒಂದು ವಿಚಿತ್ರ ನಡೆಯಿತು. ನನ್ನ ವಿಷಯ ಮನೆಮನೆಯ ಮಾತಾಯಿತು. ಸೊಸೈಟಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎಲ್ಲರ ಬಾಯಲ್ಲೂ ಸ್ಯಾಚುರೇಷನ್, ಅಂದರೆ ರಕ್ತದ ಹಿಮೋಗ್ಲೋಬಿನ್ ಎಷ್ಟು ಪರ್ಸೆಂಟ್ ಆಮ್ಲಜನಕ ತುಂಬಿಕೊಂಡಿದೆ ಅನ್ನುವ ಲೆಕ್ಕ. ನಮ್ಮ ಕನ್ನಡ ಸಂಘದವರು ಆನ್‌ಲೈನ್‌ನಲ್ಲಿ ಕನ್ನಡದಲ್ಲೇ ಮಾತಾಡಿ ಅಂದರು. ಆಕ್ಸಿಮೀಟರ್ ಕ್ಲಾಸ್ ಅದು. ಕೈ ತಣ್ಣಗಿದ್ದರೆ, ನೇಲ್ ಪಾಲಿಶ್ ಇದ್ದರೆ ತಪ್ಪು ತೋರಿಸಬಹುದು ಅಂದೆ. ಒಬ್ಬರು ಹೋಟೆಲ್ ಮಾಲೀಕರು ಕೇಳಿದರು. “ಅಲ್ಲಾ ಡಾಕ್ಟ್ರೇ, ಪರೀಕ್ಷೆಯಲ್ಲಿ 90 ಅಂದರೆ ಡಿಸ್ಟಿಂಕ್ಷನ್. ಇಲ್ಲಿ 90ಕ್ಕೆ ಯಾಕೆ ಆಸ್ಪತ್ರೆಗೆ ಓಡಿಸ್ತೀರಿ?” ಇಷ್ಟು ಒಳ್ಳೆಯ ಪ್ರಶ್ನೆ ನನ್ನ ಕ್ಲಾಸಿನಲ್ಲೂ ಯಾರೂ ಕೇಳಿರಲಿಲ್ಲ. ರಕ್ತದಲ್ಲಿ ಆಮ್ಲಜನಕದ ಒತ್ತಡ 100ರಿಂದ 60ಕ್ಕೆ ಇಳಿದರೂ ಸ್ಯಾಚುರೇಷನ್ 97ರಿಂದ 90ಕ್ಕೆ ಮಾತ್ರ ಇಳಿಯುತ್ತದೆ. ಅಲ್ಲಿಂದ ಕೆಳಗೆ ಗ್ರಾಫ್ ಕಡಿದಾಗಿದೆ. ಒತ್ತಡ 40ಕ್ಕೆ ಬಂದರೆ ಸ್ಯಾಚುರೇಷನ್ 75. ಆಗುಂಬೆ ಘಾಟಿಯ ಹಾಗೆ, ಮೇಲೆ ತುಂಬಾ ದೂರ ರಸ್ತೆ ಸಮ ಅನ್ನಿಸುತ್ತದೆ, ಆಮೇಲೆ ಸೀದಾ ಇಳಿಜಾರು. 90 ಅಂದರೆ ನೀವು ಘಾಟಿಯ ಬಾಯಲ್ಲಿ ನಿಂತಿದ್ದೀರಿ ಅಂದೆ. ಉಡುಪಿ ಕಡೆಯವರಿಗೆ ಇನ್ನೇನು ಬಿಡಿಸಿ ಹೇಳಬೇಕು? ಮುಂದಿನ ಬ್ಯಾಚ್‌ಗೆ ಆ ಗ್ರಾಫ್ ಕಲಿಸುವಾಗ ಮೊದಲು ಹೋಟೆಲ್ ಮಾಲೀಕರ ಪ್ರಶ್ನೆಯನ್ನೇ ಇಟ್ಟೆ.

ಅಮ್ಮನೂ ಆ ಕ್ಲಾಸಿಗೆ ಕೂತಿದ್ದರು. ಮೊಬೈಲ್ ಮ್ಯೂಟ್ ಮಾಡುವುದು ಗೊತ್ತಿರಲಿಲ್ಲ, ಕುಕ್ಕರ್ ಸೀಟಿ ಎಲ್ಲರಿಗೂ ಕೇಳಿಸಿತು.

ಇನ್ನು ಫೋನ್ ಮಾಡುವ ಮಕ್ಕಳಿಗೆ. ಸೀಟ್ ತೆಗೆದುಕೊಳ್ಳುವ ಮೊದಲು ಆ ಕಾಲೇಜಿಗೆ ಒಂದು ಮಧ್ಯಾಹ್ನ ಹೋಗಿ. ಲೆಕ್ಚರ್ ಹಾಲ್ ಬೇಡ, ಪ್ರಾಕ್ಟಿಕಲ್ ಹಾಲ್ ನೋಡಿ. ಟೀಚರ್‌ಗಳು ಟೇಬಲ್ ಹತ್ತಿರ ಇದ್ದಾರೋ, ಮೂಲೆಯಲ್ಲಿ ಜರ್ನಲ್ ಗುಡ್ಡೆ ಹಾಕಿಕೊಂಡು ಸಹಿ ಹಾಕುತ್ತಿದ್ದಾರೋ? ಎಂ.ಡಿ. ಓದುತ್ತಿರುವ ರೆಸಿಡೆಂಟ್‌ಗಳಿಗೆ ಕ್ಲಾಸ್ ತೆಗೆದುಕೊಳ್ಳಲು ಬಿಡುತ್ತಾರೋ ಅಂತ ಕೇಳಿ. ಥೀಸಿಸ್‌ಗೆ ಯಂತ್ರಗಳು ಕೆಲಸ ಮಾಡುತ್ತವೋ, ಇನ್‌ಸ್ಪೆಕ್ಷನ್ ದಿನ ಮಾತ್ರ ಬಟ್ಟೆ ತೆಗೆಯುತ್ತಾರೋ ನೋಡಿ. ಸಾಧ್ಯವಾದರೆ ಹಿಂದಿನ ವರ್ಷದ ಇಂಟರ್ನಲ್ ಪ್ರಶ್ನೆಪತ್ರಿಕೆ ಕೇಳಿ ಪಡೆಯಿರಿ. ಎಲ್ಲ ಪ್ರಶ್ನೆಗಳೂ ‘ವಿವರಿಸಿ’, ‘ಪಟ್ಟಿ ಮಾಡಿ’ ಅಂತಲೇ ಇದ್ದರೆ ಇನ್ನೊಂದು ಕಾಲೇಜು ನೋಡಿ. ಮನೆಯಲ್ಲಿ ಸಂಬಳದ ಮಾತು ಮೊದಲೇ ಆಡಿಬಿಡಿ. ಕೌನ್ಸೆಲಿಂಗ್ ಸುತ್ತಿನ ಹಿಂದಿನ ರಾತ್ರಿ ಹನ್ನೊಂದು ಗಂಟೆಗೆ ಮಾತ್ರ ನನಗೆ ಫೋನ್ ಮಾಡಬೇಡಿ, ಎರಡು ವಾರ ಮೊದಲು ಮಾಡಿ.